14ನೇ ನಂಬರಿಗೆ ಎರಡೇ ಪಟ್ಟೆ: ಹಾಸನದ ಒಂದು ಜೆರ್ಸಿ ಅಂಗಡಿ

ಹಾಸನದಲ್ಲಿ ಟೀಮಿಗೆ ಜೆರ್ಸಿ ಮಾಡಿಸಬೇಕು ಅಂತ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಸಾಲಗಾಮೆ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಪುಟ್ಟ ಅಂಗಡಿ ಇದೆ. ಬಾಗಿಲ ಮುಂದೆ ಕಬಡ್ಡಿ, ಕ್ರಿಕೆಟ್ ಟೀಮುಗಳ ಜೆರ್ಸಿ ಸಾಲಾಗಿ ನೇತು ಹಾಕಿರುತ್ತಾರೆ. ಭಾನುವಾರ ಬೆಳಿಗ್ಗೆ ನಾವು ಬಡಾವಣೆಯ ಮಕ್ಕಳಿಗೆ ಫುಟ್‌ಬಾಲ್ ಆಡಿಸುತ್ತೇವೆ, ಅವರಿಗೆ 12 ಜೆರ್ಸಿ ಬೇಕಿತ್ತು. 1974ರ ವಿಶ್ವಕಪ್ಪಿನಲ್ಲಿ ನೆದರ್‌ಲ್ಯಾಂಡ್ಸ್ ಹಾಕಿದ್ದಂಥ ಕಿತ್ತಳೆ ಬಣ್ಣ, ತೋಳಿನ ಮೇಲೆ ಕಪ್ಪು ಪಟ್ಟೆ. 11 ಜೆರ್ಸಿಗೆ ಮೂರು ಪಟ್ಟೆ, 14ನೇ ನಂಬರಿನದಕ್ಕೆ ಮಾತ್ರ ಎರಡು.

ಇದನ್ನೇ ಮೊದಲು ಆನ್‌ಲೈನಿನಲ್ಲಿ ಬೇರೆಯವರ ಹತ್ತಿರ ಆರ್ಡರ್ ಮಾಡಿದ್ದೆ. ಎರಡು ಸಲ ಬರೆದು ಹೇಳಿದ್ದರೂ ಹನ್ನೆರಡಕ್ಕೂ ಮೂರು ಪಟ್ಟೆ ಬಂತು. ಫೋನ್ ಮಾಡಿದರೆ, ಒಂದು ಪಟ್ಟೆ ತಾನೇ, ಯಾರು ನೋಡ್ತಾರೆ ಬಿಡಿ ಅಂದರು. ಬೇಜಾರಾಗಿ ವಾಪಸ್ ಕಳಿಸಿದೆ.

ಈ ಅಂಗಡಿಯವರು ಹಾಗೆ ಅನ್ನಲಿಲ್ಲ. "ಯಾಕೆ ಸಾರ್ ಎರಡು?" ಅಂತ ಕೇಳಿದರು. ಅಲ್ಲೇ ಸ್ಟೂಲಿನ ಮೇಲೆ ಕೂತು 1974ರ ಆ ಡಚ್ ತಂಡದ ನಾಯಕ ಯೋಹಾನ್ ಕ್ರೈಫ್ ಕಥೆ ಹೇಳಿದೆ. ಆ ತಂಡಕ್ಕೆ ಬಟ್ಟೆ ಕೊಟ್ಟಿದ್ದು ಅಡಿಡಾಸ್, ಮೂರು ಪಟ್ಟೆ ಅವರ ಗುರುತು. ಕ್ರೈಫ್‌ಗೆ ಒಪ್ಪಂದ ಇದ್ದದ್ದು ಅವರ ಎದುರಾಳಿ ಕಂಪನಿ ಪೂಮಾ ಜೊತೆ, ಹಾಗಾಗಿ ಆ ಮೂರು ಪಟ್ಟೆ ನಾನು ಹಾಕಲ್ಲ ಅಂತ ಹಠ ಹಿಡಿದು ಎರಡು ಪಟ್ಟೆಯ ಜೆರ್ಸಿಯಲ್ಲೇ ಆಡಿದ. ನಂಬರಿನದೂ ಅದೇ ಹಠ. ಆ ಟೂರ್ನಿಯಲ್ಲಿ ಡಚ್ ಆಟಗಾರರಿಗೆ ಹೆಸರಿನ ಅಕ್ಷರ ನೋಡಿ ನಂಬರ್ ಕೊಟ್ಟಿದ್ದರು, ಸಾಮಾನ್ಯವಾಗಿ 1 ಹಾಕುವ ಗೋಲ್‌ಕೀಪರ್ 8 ಹಾಕಿಕೊಂಡು ನಿಂತಿದ್ದ. ಕ್ರೈಫ್ ಮಾತ್ರ ತನ್ನ 14 ಬಿಡಲಿಲ್ಲ. ಫೈನಲ್‌ನಲ್ಲಿ ಪಶ್ಚಿಮ ಜರ್ಮನಿ 2-1ರಿಂದ ಗೆದ್ದಿತು. ಆದರೂ ಜನ ಇವತ್ತಿಗೂ ನೆನೆಯುವುದು ಸೋತ ತಂಡದ ಆಟವನ್ನೇ ಅಲ್ವಾ!

ಅಂಗಡಿಯವರು ಫೋನಿನಲ್ಲಿ ಕ್ರೈಫ್ ಫೋಟೋ ಹುಡುಕಿ, ಬೆರಳಲ್ಲಿ ದೊಡ್ಡದು ಮಾಡಿ, ತೋಳಿನ ಪಟ್ಟೆ ಎಣಿಸಿದರು. "ಹೌದು ಸಾರ್, ಎರಡೇ" ಅಂದರು. ನನಗೆ ಅಷ್ಟು ಸಾಕಿತ್ತು.

ಇನ್ನು ಕೆಲಸದ ವಿಷಯ. ಪಾಲಿಯೆಸ್ಟರ್ ಬಟ್ಟೆ, ಸಬ್ಲಿಮೇಷನ್ ಪ್ರಿಂಟ್, ಅಂದರೆ ಕಾಗದದ ಮೇಲೆ ಅಚ್ಚು ಹಾಕಿ ಬಿಸಿಯಿಂದ ಬಣ್ಣವನ್ನು ಬಟ್ಟೆಗೆ ಇಳಿಸುವುದು. ಕಾಗದದ ಮೇಲೆ ಬಣ್ಣ ಮಂಕಾಗಿರುತ್ತದೆ, ಹೀಟ್ ಪ್ರೆಸ್‌ನಲ್ಲಿ ಒತ್ತಿದ ಮೇಲೆಯೇ ಏಳುವುದು, ಅದಕ್ಕೇ ಮೊದಲು ಒಂದು ತುಂಡು ಒತ್ತಿ ನೋಡಬೇಕು. ಮೊದಲ ತುಂಡು ಕೆಂಪಿಗೆ ತಿರುಗಿತ್ತು. ನಾನು ಬಾಯಿ ಬಿಡುವ ಮೊದಲೇ ಅವರು "ಇದು ಕಾವಿ ಆಯ್ತು ಸಾರ್, ಕಿತ್ತಳೆ ಅಲ್ಲ" ಅಂದು ಇನ್ನೆರಡು ಒತ್ತಿ, ರಸ್ತೆಗೆ ತಂದು ಬಿಸಿಲಿಗೆ ಹಿಡಿದು ತೋರಿಸಿದರು. ಮೂರನೆಯದು ಸರಿಹೋಯಿತು. ಇಂಕು ದಾರದ ಒಳಗೇ ಇಳಿಯುವುದರಿಂದ ನಂಬರ್ ಸಿಪ್ಪೆ ಏಳುವುದಿಲ್ಲ. ಎರಡು ತಿಂಗಳಿಂದ ವಾರವಾರ ಒಗೆಯುತ್ತಿದ್ದೇವೆ, ಹಾಗೇ ಇದೆ. ಒಂದಕ್ಕೆ 380 ರೂಪಾಯಿ. ಹೇಳಿದ್ದಕ್ಕಿಂತ ನಾಲ್ಕು ದಿನ ತಡವಾಯ್ತು. ಅಳತೆಯೂ ಸ್ವಲ್ಪ ಚಿಕ್ಕದು, ಇಬ್ಬರು ಮಕ್ಕಳಿಗೆ ಕಂಕುಳಲ್ಲಿ ಬಿಗಿ. ಒಂದು ಸೈಜ್ ಜಾಸ್ತಿಯೇ ಹೇಳಿ.

ತರಲು ಹೋದ ದಿನ "ಆಮೇಲೆ ಏನಾದ ಸಾರ್ ಅವನು?" ಅಂತ ಕೇಳಿದರು. ನನಗೆ ಕ್ರೈಫ್ ಜಾಸ್ತಿ ಇಷ್ಟವಾಗುವುದು ಆಮೇಲಿನ ಕಥೆಯಲ್ಲೇ. ಆಟಗಾರನಾಗಿ ಡಚ್ ಕ್ಲಬ್ ಅಯಾಕ್ಸ್‌ಗೆ 1971ರಿಂದ ಸತತ ಮೂರು ಯುರೋಪಿಯನ್ ಕಪ್ ಗೆದ್ದುಕೊಟ್ಟವನು, 1985ರಲ್ಲಿ ಅದೇ ಅಯಾಕ್ಸ್‌ಗೆ ಮ್ಯಾನೇಜರ್ ಆದ. 1988ರಲ್ಲಿ ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿಗೆ ಮ್ಯಾನೇಜರ್ ಆಗಿ ಹೋದ. 1991ರಲ್ಲಿ ಹೃದಯದ ಆಪರೇಷನ್ ಆಯ್ತು, ಸಿಗರೇಟ್ ಬಿಟ್ಟು ಲಾಲಿಪಾಪ್ ಚೀಪುತ್ತಾ ಮೈದಾನದ ಪಕ್ಕ ಕೂರುತ್ತಿದ್ದ. ಮುಂದಿನ ವರ್ಷ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಫೈನಲ್‌ನಲ್ಲಿ, ಹೆಚ್ಚುವರಿ ಸಮಯದಲ್ಲಿ ಬಾರ್ಸಿಲೋನಾದ ಕೂಮನ್ ಹೊಡೆದ ಫ್ರೀಕಿಕ್ಕಿನಿಂದ ಇಟಲಿಯ ಸಾಂಪ್‌ಡೋರಿಯಾ ಸೋತಿತು, ಬಾರ್ಸಿಲೋನಾಗೆ ಮೊದಲ ಯುರೋಪಿಯನ್ ಕಪ್ ಬಂತು. ಆ ದಿನ ಮಿಡ್‌ಫೀಲ್ಡ್‌ನಲ್ಲಿದ್ದ 21 ವರ್ಷದ ಹುಡುಗ, ಮುಂದೆ ತಾನೂ ದೊಡ್ಡ ಕೋಚ್ ಆದ ಗಾರ್ಡಿಯೋಲಾ. 1991ರಿಂದ 94ರವರೆಗೆ ಸ್ಪೇನಿನ ಲೀಗ್ ಕೂಡ ಸತತ ನಾಲ್ಕು ಸಲ ಅವರದೇ. ಅದೇ ಯುರೋಪಿನ ಕಪ್ಪಿನ 1994ರ ಫೈನಲ್‌ನಲ್ಲಿ ಇವರಿಗೆ ಇಟಲಿಯ ಮಿಲಾನ್ 4-0 ಹೊಡೆದದ್ದನ್ನೂ ಹೇಳಿದೆ, ಮುಚ್ಚಿಡಲಿಲ್ಲ.

ಅವನು ಆಡಿಸುತ್ತಿದ್ದ ರೊಂಡೋವನ್ನೇ ನಾವೂ ಮಕ್ಕಳಿಗೆ ಆಡಿಸುತ್ತೇವೆ. ಸುತ್ತ ಐದಾರು ಜನ ನಿಂತು ಚೆಂಡನ್ನು ಒಂದೇ ಟಚ್‌ನಲ್ಲಿ ದಾಟಿಸಬೇಕು, ನಡುವೆ ಇಬ್ಬರು ಕಸಿಯಬೇಕು. ಓಡಾಟ ಕಡಿಮೆ, ಯೋಚನೆ ಜಾಸ್ತಿ.

ಎರಡು ಪಟ್ಟೆಯ ಜೆರ್ಸಿ ವಾರಕ್ಕೊಬ್ಬರಿಗೆ. ಹಾಕಿಕೊಂಡವರು ಸುಮ್ನೆ ಇರುವಂತಿಲ್ಲ, ಕ್ರೈಫ್ ಹಾಗೆ ಯಾರು ಎಲ್ಲಿ ನಿಲ್ಲಬೇಕು ಅಂತ ಕೈ ತೋರಿಸಿ ಹೇಳುತ್ತಿರಬೇಕು. ಹೋದ ಭಾನುವಾರ ನಮ್ಮ ಟೀಮಿನಲ್ಲಿ ಯಾವತ್ತೂ ಬಾಯಿ ಬಿಡದ ಹುಡುಗಿಯ ಸರದಿ. ಹತ್ತು ನಿಮಿಷ ಸುಮ್ಮನಿದ್ದಳು. ಆಮೇಲೆ ತೋಳಿನ ಪಟ್ಟೆ ಒಂದು ಸಲ ನೋಡಿಕೊಂಡು, "ಏ, ಎಡಕ್ಕೆ ಹೋಗೋ!" ಅಂತ ಕೂಗಿದಳು.

ಇನ್ನೊಂದು ಸೆಟ್‌ಗೆ ಮೊನ್ನೆ ಆರ್ಡರ್ ಕೊಟ್ಟೆ. ಅಂಗಡಿಯವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಅವರೇ ಕೇಳಿದರು: "14ಕ್ಕೆ ಎರಡೇ ತಾನೇ ಸಾರ್?"