ಬಳ್ಳಾರಿ ಬಿಸಿಲಿಗೆ ಯಾವ ಮೆಣಸಿನಕಾಯಿ: ಜೊಲೋಕಿಯಾನಾ, ಗುಂಟೂರಾ, ಜೀರಿಗೆ ಮೆಣಸಾ?

ಬಳ್ಳಾರಿಯಂಥ ಊರಾಗ ಮಾಳಿಗಿ ಮ್ಯಾಲೆ ಕುಂಡ ಇಟ್ಟು ಖಾರದ ಕಾಯಿ ಬೆಳೀಬೇಕು ಅನ್ನೋರು ಸಣ್ಣ ಸಣ್ಣ ಕಾಯಿ ಬಿಡೋ ಜೀರಿಗೆ ಮೆಣಸು ಹಾಕ್ರಿ, ಈಶಾನ್ಯ ಭಾರತದ ಭೂತ್ ಜೊಲೋಕಿಯಾ ಬೀಜಕ್ಕ ಆನ್‌ಲೈನ್‌ನಾಗ ರೊಕ್ಕ ಸುರೀಬ್ಯಾಡ್ರಿ. ಮೂರೂ ಬೆಳೆಸಿ ನೋಡಿನೇ ಹೇಳಾಕತ್ತೀನಿ.

ಜೊಲೋಕಿಯಾ ಖಾರದ ಬಗ್ಗೆ ತಕರಾರಿಲ್ಲ, 2007ರಾಗ ಗಿನ್ನೆಸ್‌ನವರು ಜಗತ್ತಿನ ಅತಿ ಖಾರದ ಕಾಯಿ ಅಂದಿದ್ರು, ಖಾರ ಅಳಿಯೋ ಲೆಕ್ಕದಾಗ ಹತ್ತು ಲಕ್ಷ ಸ್ಕೋವಿಲ್ ಅಂತ. ತಕರಾರು ಇರೋದು ಮೊಳಕೆದು. ಗುಂಟೂರು ಬೀಜ ವಾರ ಹತ್ತು ದಿನಕ್ಕ ಏಳ್ತಾವ, ಇದು ಮೂರ್ನಾಕು ವಾರ ಸತಾಯಿಸ್ತೈತಿ, ಅಷ್ಟೂ ದಿನ ಹಸಿ ಆರಬಾರದು. ವಿಡಿಯೋದಾಗ ಎಲ್ಲಾರೂ ಟ್ರೇ ಕೆಳಗ ಹೀಟ್ ಮ್ಯಾಟ್, ಅಂದ್ರ ಕರೆಂಟಿನ ಮ್ಯಾಲೆ ಕಾಯೋ ಚಾಪಿ, ಇಡ್ರಿ ಅಂತಾರ, ಅದು ಚಳಿ ದೇಶದವರ ಪಾಡು, ಬೀಜಕ್ಕ ಬೇಕಾಗಿದ್ದು 25ರಿಂದ 30 ಡಿಗ್ರಿ, ನಮ್ಮ ಮಾಳಿಗಿ ಮಾರ್ಚ್‌ನಾಗ ಬರಿಗಾಲು ಇಡಾಕ ಆಗದಂಗ ಕಾಯ್ತೈತಿ. ಬೆಳಿಗ್ಗೆ ನೀರು ಚಿಮುಕಿಸಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮಧ್ಯಾಹ್ನಕ್ಕ ಒಣ ಹೊಟ್ಟು. ನೆನೆದು ಉಬ್ಬಿ ಬಾಯಿ ಬಿಟ್ಟ ಬೀಜ ಮತ್ತ ಒಣಗಿತು ಅಂದ್ರ ಮುಗೀತು, ಒಣಗ್ತೈತಿ ಅಂತ ನೀರು ಜಾಸ್ತಿ ಹಾಕಿದ್ರ ಎದ್ದ ಸಸಿ ಬುಡ ಕೊಳೆತು ಮಲಗ್ತಾವ.

ಕೊನಿಗೆ ಉಪಯೋಗ ಆಗಿದ್ದು ಟಿಫಿನ್ ಡಬ್ಬಿ. ಒದ್ದೆ ಟಿಶ್ಯೂದಾಗ ಬೀಜ ಸುತ್ತಿ, ಮುಚ್ಚಳ ಹಾಕಿ ಅಡುಗಿಮನಿ ಕಪಾಟಿನಾಗ ಇಟ್ಟು, ಬೇರು ಬಿಳಿ ಚೂಪಾಗಿ ಕಂಡ ಕೂಡ್ಲೇ ಪೇಪರ್ ಕಪ್‌ಗೆ ಹಚ್ಚಿದೆ. ಆದ್ರೂ ಅರ್ಧ ಬೀಜ ಏಳಲೇ ಇಲ್ಲ, ಪಾಕೆಟ್ ಮ್ಯಾಲೆ ಪ್ಯಾಕ್ ಮಾಡಿದ ತಾರೀಕಿಲ್ಲ, ಮಾರಿದವರಿಗೆ ಮೆಸೇಜ್ ಹಾಕಿದ್ರ ಉತ್ತರ ಇಲ್ಲ. ಎದ್ದ ಗಿಡದ ಹೂ ಬಹಳಷ್ಟು ಬಿಸಿಲಿಗೆ ಉದುರಿದ್ವು.

ಗುಂಟೂರು ಸುಲಭ, ಬೇಗ ಕಾಯಿ ಬಿಡ್ತೈತಿ. ಆದ್ರ ಎಲಿ ಮುದುಡೋದು ಜಾಸ್ತಿ. ಮ್ಯಾಲೆ ಮುದುಡಿದ್ರ ಥ್ರಿಪ್ಸ್ ಅನ್ನೋ ಸಣ್ಣ ಹುಳ, ಕೆಳಗ ಮುದುಡಿದ್ರ ಮೈಟ್ ನುಸಿ, ಶುರುವಿನಾಗೇ ಬೇವಿನ ಎಣ್ಣಿ ಹೊಡೀಬೇಕು. ಬ್ಯಾಡಗಿ ಬಣ್ಣಕ್ಕ, ಖಾರಕ್ಕಲ್ಲ, ಅದಕ್ಕ ಹಾಕಲಿಲ್ಲ.

ಜೀರಿಗೆ ಮೆಣಸಿನ ಬೀಜನೂ ನಿಧಾನನೇ, ಆದ್ರ ಪುಕ್ಕಟೆ. ಶಿರಸಿ ಕಡೆಯಿಂದ ಅತ್ತಿಗಿ ತಂದ ಕೆಂಪು ಹಣ್ಣು ಹಿಚುಕಿ, ನೆರಳಾಗ ಒಣಗಿಸಿ ಚೆಲ್ಲಿದ್ದಷ್ಟೇ, ನಾಕು ಸತ್ತ್ರ ಇನ್ನೂ ಹತ್ತು ಅದಾವ ಅನ್ನೋ ಧೈರ್ಯ. ಸಿಂಟೆಕ್ಸ್ ಟ್ಯಾಂಕಿನ ನೆರಳಾಗೇ ಬೆಳೀತೈತಿ, ಒಮ್ಮೆ ಬೇರು ಹಿಡಿದ್ರ ಎರಡು ಮೂರು ವರ್ಷ ಇರ್ತೈತಿ. ಪಿಕಳಾರ ಬಂದು ಹಣ್ಣು ತಿಂತಾವ, ಹಕ್ಕಿಗೆ ಖಾರ ಹತ್ತಂಗಿಲ್ಲಲ್ಲ, ಹಳೇ ಸೊಳ್ಳಿ ಪರದೆ ಹೊದಿಸೀನಿ.

ನಮ್ಮನ್ಯಾಗ ದಿನಾ ಜೋಳದ ರೊಟ್ಟಿ, ಜೊತಿಗೆ ಹಸಿಖಾರ ಬೇಕೇ ಬೇಕು. ಜೊಲೋಕಿಯಾ ಒಂದು ಕಾಯಿ ಅರೆದ್ರ ಯಾರೂ ಕೈ ಹಚ್ಚಲಿಲ್ಲ, ಆ ಹಣ್ಣಿನ ಥರದ ವಾಸನಿ ರೊಟ್ಟಿಗೆ ಹೊಂದೂದೂ ಇಲ್ಲ. ಜೀರಿಗೆ ಮೆಣಸು ನಾಕು ಕಾಯಿ, ಬಳ್ಳೊಳ್ಳಿ, ಉಪ್ಪು ಸಾಕು.

ಇಷ್ಟಾದ್ರೂ ಜೊಲೋಕಿಯಾನೇ ಬೇಕು ಅಂದ್ರ ಬೀಜದ ಬದ್ಲು ಸಸಿ ಸಿಗ್ತೈತೇನು ನೋಡ್ರಿ, ಜೂನ್ ಜುಲೈನಾಗ ಹಚ್ಚಿದ್ರ ಹೂ ಬಿಡೋ ಹೊತ್ತಿಗೆ ಬಿಸಿಲು ತಗ್ಗಿರ್ತೈತಿ.