ವಿಪತ್ತು ನಿರ್ವಹಣೆಯ ಸ್ನಾತಕೋತ್ತರ ಓದು: ದೂರಶಿಕ್ಷಣವೋ, ಪೂರ್ಣಾವಧಿ ತರಗತಿಯೋ?

ವಿಪತ್ತು ನಿರ್ವಹಣೆಯನ್ನು ನಾನು ಎರಡು ಬಗೆಯಲ್ಲಿ ಓದಿದ್ದೇನೆ. ಮೊದಲು ಉದ್ಯೋಗದಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಮುಗಿಸಿದೆ. ಅದು ಸಾಲದೆನಿಸಿ, ಉದ್ಯೋಗ ಬಿಟ್ಟು, ಕೂಡಿಟ್ಟ ಹಣದಲ್ಲಿ ಪೂರ್ಣಾವಧಿಯ ಸ್ನಾತಕೋತ್ತರ ಪದವಿಗೆ ಸೇರಿದೆ. ಇವೆರಡರಲ್ಲಿ ನನ್ನ ಒಲವು ಪೂರ್ಣಾವಧಿ ತರಗತಿಯ ಕಡೆಗೇ ಎಂಬುದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಆದರೆ ದೂರಶಿಕ್ಷಣ ಯಾವುದನ್ನು ಚೆನ್ನಾಗಿ ಕಲಿಸಿತು, ಎಲ್ಲಿ ಕೈಬಿಟ್ಟಿತು ಎಂಬುದು ತಿಳಿದರೆ ಸೇರಬೇಕೆಂದಿರುವವರಿಗೆ ಶುಲ್ಕ ಕಟ್ಟುವ ಮುನ್ನ ಯೋಚಿಸಲು ಅನುಕೂಲವಾದೀತು.

ಸಿದ್ಧಾಂತದ ಮಟ್ಟಿಗೆ ದೂರಶಿಕ್ಷಣದ ಪಠ್ಯವೇ ಮೇಲಾಗಿತ್ತು. 1917ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸ್ಫೋಟಕಗಳನ್ನು ಹೊತ್ತಿದ್ದ ಹಡಗು ಸಿಡಿದ ಬಳಿಕ ಆ ಪಟ್ಟಣದ ಸಮಾಜ ಹೇಗೆ ಬದಲಾಯಿತೆಂದು ಸ್ಯಾಮ್ಯುಯೆಲ್ ಪ್ರಿನ್ಸ್ ನಡೆಸಿದ ಅಧ್ಯಯನದಿಂದ ಹಿಡಿದು ಇಂದಿನ ಚರ್ಚೆಗಳವರೆಗೆ ಅದು ಓದುಗನನ್ನು ನಿಧಾನವಾಗಿ ಕರೆದೊಯ್ಯುತ್ತಿತ್ತು. 2010ರ ಎರಡು ಭೂಕಂಪಗಳನ್ನು ಅಕ್ಕಪಕ್ಕದಲ್ಲಿಟ್ಟು ಬರೆದಿದ್ದ ಅಧ್ಯಾಯವನ್ನು ನಾನು ಈಗಲೂ ತೆರೆದು ಓದುತ್ತೇನೆ. ಜನವರಿಯಲ್ಲಿ ಹೈಟಿಯಲ್ಲಾದ ಕಂಪನದ ತೀವ್ರತೆ 7.0, ಫೆಬ್ರವರಿಯಲ್ಲಿ ಚಿಲಿಯಲ್ಲಾದದ್ದು 8.8. ಬಿಡುಗಡೆಯಾದ ಶಕ್ತಿಯ ಲೆಕ್ಕದಲ್ಲಿ ಎರಡನೆಯದು ಸುಮಾರು 500 ಪಟ್ಟು ದೊಡ್ಡದಾಗಿದ್ದರೂ ಚಿಲಿಯಲ್ಲಿ ಸತ್ತವರ ಸಂಖ್ಯೆ ನೂರರ ಲೆಕ್ಕದಲ್ಲಿ ನಿಂತಿತು, ಹೈಟಿಯಲ್ಲಿ ಅದು ಲಕ್ಷವನ್ನು ದಾಟಿತು. ಕಂಪನದ ಕೇಂದ್ರ ಹೈಟಿಯ ರಾಜಧಾನಿಗೆ ಅತಿ ಸಮೀಪವಿದ್ದದ್ದು ಒಂದು ಕಾರಣ. ಕಟ್ಟಡ ನಿಯಮಗಳು, ಅವುಗಳನ್ನು ಜಾರಿಗೊಳಿಸುವ ಆಡಳಿತ ಮತ್ತು ಬಡತನ ಉಳಿದ ಕಾರಣಗಳು. ಪ್ರಕೃತಿಯ ಅಪಾಯ ಬೇರೆ, ಅದು ವಿಪತ್ತಾಗಿ ಪರಿಣಮಿಸುವುದು ಬೇರೆ ಎಂಬ ಈ ಶಾಸ್ತ್ರದ ಮೂಲಪಾಠ ನನಗೆ ಮನದಟ್ಟಾದದ್ದು ಆ ಪುಟಗಳಲ್ಲಿಯೇ. ಪೂರ್ಣಾವಧಿ ತರಗತಿಯಲ್ಲಿ ಇದೇ ಪಾಠ ಒಂದು ಬೆಳಗ್ಗೆಯಲ್ಲಿ ಮುಗಿದುಹೋಯಿತು.

ದೂರಶಿಕ್ಷಣದಲ್ಲಿ ನನ್ನನ್ನು ಕೊನೆಯವರೆಗೂ ಕಾಡಿದ ತೊಡಕು ಒಂದೇ: ಅಭ್ಯಾಸವಾಗಿ ನಡೆಯಬೇಕಾದದ್ದನ್ನು ಅಲ್ಲಿ ಅಸೈನ್‌ಮೆಂಟ್ ಆಗಿ ಬರೆಸುತ್ತಿದ್ದರು. ಪ್ರವಾಹದಿಂದ ಮನೆ ಕಳೆದುಕೊಂಡ 5,000 ಜನರಿಗೆ ಪರಿಹಾರ ಶಿಬಿರದ ಯೋಜನೆಯನ್ನು ರೂಪಿಸಿ ಎಂಬುದು ಪ್ರಶ್ನೆ. ಮಾನವೀಯ ನೆರವಿನ ಹಲವು ಸಂಸ್ಥೆಗಳು ಅನುಸರಿಸುವ ಸ್ಫಿಯರ್ ಮಾನದಂಡಗಳನ್ನು ಎದುರಿಗಿಟ್ಟುಕೊಂಡರೆ ಉತ್ತರ ತಾನಾಗಿಯೇ ಬರುತ್ತದೆ. ತಲೆಗೆ ದಿನಕ್ಕೆ 15 ಲೀಟರ್ ನೀರೆಂದರೆ 75,000 ಲೀಟರ್, 250 ಜನರಿಗೆ ಒಂದು ನಲ್ಲಿಯೆಂದರೆ 20 ನಲ್ಲಿಗಳು, 20 ಜನರಿಗೆ ಒಂದು ಶೌಚಾಲಯವೆಂದರೆ 250 ಶೌಚಾಲಯಗಳು, ತಲೆಗೆ 3.5 ಚದರ ಮೀಟರ್ ಸೂರೆಂದರೆ 17,500 ಚದರ ಮೀಟರ್. ಗುಣಾಕಾರ ಸರಿಯಾಗಿತ್ತು, ಅಂಕಗಳೂ ಚೆನ್ನಾಗಿ ಬಂದವು. ಆದರೆ ಉತ್ತರಪತ್ರಿಕೆ ಹಿಂದಿರುಗಿದಾಗ ಅದರ ಮೇಲೆ ಅಂಕದ ಹೊರತು ಮೌಲ್ಯಮಾಪಕರ ಒಂದು ಸಾಲೂ ಇರಲಿಲ್ಲ. ನೀರು ಎಲ್ಲಿಂದ ಬರುತ್ತದೆ, ಟ್ಯಾಂಕರ್ ಹೋಗುವ ರಸ್ತೆಯೇ ಮುಳುಗಿದ್ದರೆ ಏನು ಮಾಡುವುದು, ಆ 5,000 ಎಂಬ ಸಂಖ್ಯೆಯನ್ನು ಎಣಿಸಿದವರು ಯಾರು ಎಂದು ಯಾರೂ ನನ್ನನ್ನು ಕೇಳಲಿಲ್ಲ.

ಪೂರ್ಣಾವಧಿ ತರಗತಿಯಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಟೇಬಲ್‌ಟಾಪ್ ಅಭ್ಯಾಸವಾಗಿ ಬಂದಿತು. ಒಬ್ಬರು ಆರೋಗ್ಯ ಇಲಾಖೆ, ಒಬ್ಬರು ಪೊಲೀಸ್, ಒಬ್ಬರು ನೀರು ಸರಬರಾಜು, ಇನ್ನೊಬ್ಬರು ಸ್ವಯಂಸೇವಾ ಸಂಸ್ಥೆ. ಮೇಜಿನ ಮೇಲೆ ನಕಾಶೆ. ಅಧ್ಯಾಪಕರು ಆಗಾಗ ಒಂದೊಂದು ಚೀಟಿ ತಂದಿಡುತ್ತಿದ್ದರು. ಸೇತುವೆ ಕುಸಿದಿದೆ ಎಂಬ ಚೀಟಿ ಬಂದ ಕೂಡಲೇ ಅರ್ಧದಷ್ಟು ಯೋಜನೆ ಬಿದ್ದುಹೋಯಿತು. ಶಿಬಿರದಲ್ಲಿರುವವರ ಸಂಖ್ಯೆ ಪೊಲೀಸರ ಲೆಕ್ಕದಲ್ಲೊಂದು, ಆರೋಗ್ಯ ಇಲಾಖೆಯ ಲೆಕ್ಕದಲ್ಲೊಂದು ಇದ್ದು, ಯಾವುದನ್ನು ನಂಬಬೇಕೆಂಬ ವಾದದಲ್ಲೇ ಬಹಳ ಹೊತ್ತು ಕಳೆಯಿತು. ನೀರಿನ ಹೊಣೆ ಹೊತ್ತಿದ್ದ ಸಹಪಾಠಿ ಕಾಗದದ ಮೇಲೆ ಲೆಕ್ಕ ಹಾಕಿ, ನಿಮಿಷಕ್ಕೆ 7.5 ಲೀಟರ್ ಹರಿಯುವ ನಲ್ಲಿಯಿಂದ 250 ಜನರ ಪಾಲು ತುಂಬಿಸಲು 8 ಗಂಟೆಗೂ ಹೆಚ್ಚು ಕಾಲ ಅದು ನಿಲ್ಲದೆ ಹರಿಯುತ್ತಿರಬೇಕೆಂದು ತೋರಿಸಿದರು. ಹಾಗಾದರೆ ಕತ್ತಲಾದ ಮೇಲೂ ಮಹಿಳೆಯರು ಸರದಿಯಲ್ಲಿ ನಿಲ್ಲಬೇಕಾಗುತ್ತದೆ, ಅಲ್ಲಿ ಬೆಳಕಿನ ವ್ಯವಸ್ಥೆ ಎಲ್ಲಿದೆ ಎಂದು ಮತ್ತೊಬ್ಬರು ಕೇಳಿದರು. ನನ್ನ ಹಳೆಯ ಉತ್ತರಪತ್ರಿಕೆಯಲ್ಲಿ 20 ನಲ್ಲಿಗಳಿದ್ದವು, ಆದರೆ ಸರದಿ ಇರಲಿಲ್ಲ, ಕತ್ತಲೂ ಇರಲಿಲ್ಲ. ಇಲಾಖೆಗಳ ನಡುವಿನ ಸಮನ್ವಯವೇ ಈ ವೃತ್ತಿಯ ತಿರುಳಾಗಿರುವಾಗ, ಅದನ್ನು ಒಬ್ಬಂಟಿಯಾಗಿ ಕುಳಿತು ಬರೆಯುವ ಉತ್ತರದಿಂದ ಅಳೆಯುವುದು ಸರಿಯಾದ ಕ್ರಮವೆಂದು ನನಗೆ ಇಂದಿಗೂ ಅನಿಸುವುದಿಲ್ಲ.

ಸಂಶೋಧನಾ ಪ್ರಬಂಧದಲ್ಲಿಯೂ ಇದೇ ಅಂತರ. ದೂರಶಿಕ್ಷಣದಲ್ಲಿ ಲಭ್ಯವಿರುವ ದತ್ತಾಂಶದ ಮೇಲೆ ಬರೆದರೆ ಸಾಕಾಗಿತ್ತು. ಜಗತ್ತಿನ ವಿಪತ್ತುಗಳನ್ನು ದಾಖಲಿಸುವ ಬೆಲ್ಜಿಯಂನ ಇಎಂ-ಡ್ಯಾಟ್ ದತ್ತಸಂಚಯವನ್ನು ನಾನು ಬಳಸಿದ್ದೆ. ಪೂರ್ಣಾವಧಿಯಲ್ಲಿ ಮಾರ್ಗದರ್ಶಕರು ಮೊದಲ ಭೇಟಿಯಲ್ಲೇ ಅದರ ಮಿತಿಯನ್ನು ತೋರಿಸಿದರು. 10 ಸಾವು, 100 ಸಂತ್ರಸ್ತರು, ತುರ್ತುಸ್ಥಿತಿಯ ಘೋಷಣೆ, ಅಂತರರಾಷ್ಟ್ರೀಯ ನೆರವಿಗೆ ಕೋರಿಕೆ, ಇವುಗಳಲ್ಲಿ ಒಂದಾದರೂ ಇದ್ದರೆ ಮಾತ್ರ ಘಟನೆ ಅದರಲ್ಲಿ ದಾಖಲಾಗುತ್ತದೆ. ಪ್ರತಿ ಮಳೆಗಾಲದಲ್ಲೂ ನಾಲ್ಕು ಮನೆಗಳನ್ನು ಕೆಡಹುವ ಸಣ್ಣ ಭೂಕುಸಿತ ಅಲ್ಲಿ ಕಾಣಸಿಗುವುದಿಲ್ಲ. ಕ್ಷೇತ್ರಕಾರ್ಯಕ್ಕೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕಾಗಿತ್ತು. ಅದಕ್ಕೆ ಹಿಡಿದ ಕಾಲ ಬೇಸರ ತಂದರೂ, ಮನೆಯವರನ್ನು ಕಳೆದುಕೊಂಡವರ ಮುಂದೆ ಯಾವ ಪ್ರಶ್ನೆಯನ್ನು ಕೇಳಬಾರದೆಂದು ಕಲಿತದ್ದು ಆ ಅರ್ಜಿಯನ್ನು ತಿದ್ದಿ ತಿದ್ದಿ ಬರೆಯುವಾಗಲೇ.

ಕಂಪ್ಯೂಟರಿನಲ್ಲಿ ನಕಾಶೆ ರಚಿಸಿ ವಿಶ್ಲೇಷಿಸುವುದನ್ನು ಕಲಿಸುವ ಜಿಐಎಸ್ ಪ್ರಯೋಗಾಲಯವಿದೆ ಎಂಬ ಒಂದೇ ಕಾರಣಕ್ಕೆ ಪೂರ್ಣಾವಧಿಯನ್ನು ಆರಿಸಬೇಕಿಲ್ಲ. ಅದಕ್ಕೆ ಬೇಕಾದ ಕ್ಯೂಜಿಐಎಸ್ ತಂತ್ರಾಂಶ ಉಚಿತ, ಮನೆಯ ಕಂಪ್ಯೂಟರಿನಲ್ಲೇ ಕಲಿಯಬಹುದು. ವಿಪತ್ತಿನ ಅಪಾಯ ತಗ್ಗಿಸಲು ದೇಶಗಳು ಒಪ್ಪಿಕೊಂಡ 2015ರ ಸೆಂಡೈ ಚೌಕಟ್ಟಿನ 7 ಗುರಿಗಳನ್ನು ಎರಡೂ ಕಡೆ ಬಾಯಿಪಾಠ ಮಾಡಿಸುತ್ತಾರೆ.

ನಾನು ಮಾತನಾಡುತ್ತಾ, ವಾದಿಸುತ್ತಾ ಕಲಿಯುವವನು. ಒಬ್ಬನೇ ಓದಿದ್ದು ನನ್ನಲ್ಲಿ ಬೇಗ ಮಾಸುತ್ತದೆ. ಜೊತೆಗೆ, ಸಂಬಳವಿಲ್ಲದೆ ಓದು ಮುಗಿಸುವಷ್ಟು ಉಳಿತಾಯ ನನ್ನಲ್ಲಿತ್ತು. ಇವೆರಡೂ ಇದ್ದವರು ಪೂರ್ಣಾವಧಿಗೇ ಹೋಗಲಿ ಎಂಬುದು ನನ್ನ ಸಲಹೆ. ಅಗ್ನಿಶಾಮಕ, ಆರೋಗ್ಯ ಅಥವಾ ಕಂದಾಯದಂಥ ಇಲಾಖೆಗಳಲ್ಲಿ ಆಗಲೇ ದುಡಿಯುತ್ತಿರುವವರ ಮಾತು ಬೇರೆ: ಅವರಿಗೆ ಮೇಜಿನ ಸುತ್ತಲಿನ ವಾದ ದಿನನಿತ್ಯದ ಕೆಲಸದಲ್ಲೇ ಸಿಗುತ್ತದೆ, ಕೊರತೆಯಿರುವುದು ಸಿದ್ಧಾಂತದ ಓದಿಗೆ, ಅದನ್ನು ದೂರಶಿಕ್ಷಣ ಕಡಿಮೆ ಖರ್ಚಿನಲ್ಲಿ ತುಂಬಿಕೊಡುತ್ತದೆ. ಇನ್ನು ಅನುಭವವೂ ಇಲ್ಲದೆ, ಕೆಲಸ ಬಿಡುವ ಅನುಕೂಲವೂ ಇಲ್ಲದವರು ಕೆಲವು ವಾರಗಳ ಮುಖಾಮುಖಿ ತರಗತಿಯನ್ನು ಕಡ್ಡಾಯ ಮಾಡಿರುವ ದೂರಶಿಕ್ಷಣವನ್ನು ಹುಡುಕುವುದು ಲೇಸು. ಯಾವುದಕ್ಕೆ ಸೇರುವುದಿದ್ದರೂ, ಹಿಂದಿನ ವರ್ಷ ನಡೆಸಿದ ಟೇಬಲ್‌ಟಾಪ್ ಅಭ್ಯಾಸದ ಕಾಗದಪತ್ರಗಳನ್ನೂ, ಮೌಲ್ಯಮಾಪಕರ ಟಿಪ್ಪಣಿಯಿರುವ ಒಂದು ಉತ್ತರಪತ್ರಿಕೆಯ ಮಾದರಿಯನ್ನೂ ತೋರಿಸುವಂತೆ ಪ್ರವೇಶ ವಿಭಾಗವನ್ನು ಕೇಳಿ, ನೋಡಿದ ಮೇಲೆಯೇ ಶುಲ್ಕ ಕಟ್ಟಿ.