ಬಿಗ್ ರೂಮ್, ಟ್ರಾನ್ಸ್, ಪ್ರೋಗ್ರೆಸಿವ್ ಹೌಸ್: ನಲವತ್ತರ ಹತ್ತಿರ ಕಿವಿಗೆ ಹಿಡಿಸಿದ್ದು ಯಾವುದು?

ಕಾರಿನ ಡಿಕ್ಕಿಯಲ್ಲಿದ್ದ ಹಳೆ ಬೇಸ್ ಬಾಕ್ಸ್ ತೆಗೆಸಿ, ಮುಂದಿನ ಎರಡು ಬಾಗಿಲಿಗೆ ಒಳ್ಳೆ ಸ್ಪೀಕರ್ ಹಾಕಿಸಿದ್ದೇನೆ. ಕೂಲಿ ಸೇರಿ ಆರು ಸಾವಿರದ ಒಳಗೇ ಮುಗಿಯಿತು. ಇತ್ತೀಚೆಗೆ ಮಾಡಿದ ಖರ್ಚಿನಲ್ಲಿ ಇಷ್ಟು ಸಂತೋಷ ಕೊಟ್ಟದ್ದು ಬೇರೆ ಇಲ್ಲ. ಡಿಕ್ಕಿಯಲ್ಲಿ ಜಾಗ ಸಿಕ್ಕಿತು ಅನ್ನೋದು ಒಂದು ಕಡೆ ಇರಲಿ, ಇಪ್ಪತ್ತು ವರ್ಷದಿಂದ ಕೇಳಿಕೊಂಡು ಬಂದ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತವನ್ನೆಲ್ಲ ಒಂದೇ ಸ್ಪೀಕರಿನಲ್ಲಿ, ಒಂದೇ ರಸ್ತೆಯಲ್ಲಿ ಮತ್ತೆ ಹಾಕಿ ಕೇಳುವ ಅವಕಾಶ ಸಿಕ್ಕಿತು. ಹಾಸನದಿಂದ ಬೇಲೂರು ದಾಟಿ ಚಿಕ್ಕಮಗಳೂರಿಗೆ ಕೆಲಸದ ಮೇಲೆ ವಾರ ವಾರ ಓಡಾಡುವವನು ನಾನು. ಹೆಚ್ಚುಕಮ್ಮಿ ಅರವತ್ತು ಕಿಲೋಮೀಟರ್ ದಾರಿ. ಹೋಲಿಸಿ ನೋಡಲು ಇಷ್ಟು ಸಾಕು.

ಈ ಸಂಗೀತದ ಬಗೆಗಳಲ್ಲಿ ಗೆದ್ದದ್ದು ಯಾವುದು ಅಂತ ಈಗಲೇ ಹೇಳಿಬಿಡುತ್ತೇನೆ: ಪ್ರೋಗ್ರೆಸಿವ್ ಹೌಸ್, ಅದೂ ಹಲವು ಹಾಡುಗಳನ್ನು ಒಂದಕ್ಕೊಂದು ಸೇರಿಸಿದ, ಒಂದೆರಡು ಗಂಟೆ ನಿಲ್ಲದೆ ಹರಿಯುವ ಮಿಕ್ಸ್‌ಗಳು. ಹತ್ತಿರ ಬಂದದ್ದು ಟ್ರಾನ್ಸ್ ಮಾತ್ರ. ಬಿಗ್ ರೂಮ್ ಈಗ ನನ್ನ ದಿನದೊಳಗೆ ಎಲ್ಲೂ ಕೂರುವುದಿಲ್ಲ.

ವಯಸ್ಸಾದಂತೆ ಜನ ಮೆತ್ತಗಿನ ಹಾಡಿಗೆ ತಿರುಗುತ್ತಾರೆ ಅನ್ನೋ ಮಾತು ಎಲ್ಲರೂ ಕೇಳಿರುತ್ತೀರಿ. ಅದರಲ್ಲಿ ನಿಜ ಇದೆ. 2013ರಲ್ಲಿ ಕೇಂಬ್ರಿಡ್ಜ್ ಸಂಶೋಧಕರ ತಂಡವೊಂದು ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಇಟ್ಟುಕೊಂಡು ಇದನ್ನೇ ನೋಡಿತ್ತು. ಜೋರಾದ, ರಭಸದ ಸಂಗೀತದ ಮೇಲಿನ ಒಲವು ಹದಿಹರೆಯ ಕಳೆದ ಮೇಲೆ ಇಳಿಯುತ್ತಾ ಹೋಗುತ್ತದೆ ಅನ್ನೋದು ಅವರಿಗೆ ಕಂಡಿತು. ಆದರೆ ನನ್ನ ವಿಷಯದಲ್ಲಿ ರಭಸ ಬೇಡವಾಗಿಲ್ಲ. ಈಗಲೂ ನಿಮಿಷಕ್ಕೆ 122 ಬಡಿತದ ಕಿಕ್ (ದಪ್ಪ ಡ್ರಮ್ಮಿನ ಗುದ್ದು) ಇಲ್ಲದೆ ನನಗೆ ಬೆಳಗಾಗುವುದಿಲ್ಲ. ಬದಲಾಗಿರುವುದು ಬೇರೆ. ಆಗ ಬೇಕಾಗಿದ್ದ ಸಂಗೀತಕ್ಕೆ ಜನ ಬೇಕು, ಸೌಂಡ್ ಬೇಕು. ಈಗ ಬೇಕಾದ ಸಂಗೀತಕ್ಕೆ ಸಮಯ ಮಾತ್ರ ಸಾಕು.

ಮೊದಲು ಬಿಗ್ ರೂಮ್. 2012ರಿಂದ ಎರಡು ಮೂರು ವರ್ಷ ಎಲ್ಲಿ ನೋಡಿದರೂ ಇದೇ. ನಿಮಿಷಕ್ಕೆ 128ರ ಆಸುಪಾಸು ಬಡಿತ, ಸ್ನೇರ್ ಡ್ರಮ್ ಜೋರಾಗ್ತಾ ಜೋರಾಗ್ತಾ ಏರುವ ಬಿಲ್ಡಪ್, ಒಂದು ಕ್ಷಣ ಮೌನ, ಆಮೇಲೆ ಡ್ರಾಪ್, ಅಂದರೆ ಕಿಕ್, ಬೇಸ್ ಎಲ್ಲ ಒಮ್ಮೆಗೇ ಬಂದು ಬೀಳೋದು. ಡಚ್ ಡಿಜೆ ಮಾರ್ಟಿನ್ ಗ್ಯಾರಿಕ್ಸ್ 2013ರಲ್ಲಿ 17ನೇ ವಯಸ್ಸಿಗೇ ಜಗತ್ತಿಗೆಲ್ಲ ಗೊತ್ತಾದದ್ದು ಇದೇ ಅಲೆಯಲ್ಲಿ. ನನಗೆ ಆಗ ಇಪ್ಪತ್ತೇಳು. ಗೆಳೆಯರ ಜೊತೆ ಕೇಳಿದಾಗ ಸಿಕ್ಕ ಮಜಾ ಪೂರ್ತಿ ನಿಜವಾದ ಮಜಾ. ಅದನ್ನು ಈಗ ಕಡಿಮೆ ಮಾಡಿ ಹೇಳಲಾರೆ.

ಆದರೆ ಇದನ್ನು ಸಣ್ಣ ಸೌಂಡಿನಲ್ಲಿ ಕೇಳಿ ನೋಡಿ. ಏನೂ ಉಳಿಯುವುದಿಲ್ಲ. ಇದಕ್ಕೆ ಕಾರಣ ಕಿವಿಯಲ್ಲೇ ಇದೆ. 1933ರಲ್ಲೇ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ತೋರಿಸಿದ ಹಾಗೆ, ಸೌಂಡ್ ಕಡಿಮೆಯಾದಾಗ ನಮ್ಮ ಕಿವಿಗೆ ಮಧ್ಯದ ಸ್ವರಗಳಿಗಿಂತ ಕೆಳಗಿನ ಬೇಸ್ ತುಂಬಾ ಜಾಸ್ತಿ ಕಳೆದುಹೋಗುತ್ತದೆ. ಬಿಗ್ ರೂಮ್‌ನ ಜೀವವೇ ಆ ಕೆಳಗಿನ ಕಿಕ್‌ನಲ್ಲಿದೆ. ರಾಗ ಅಂತ ಇರೋದು ನಾಲ್ಕೈದು ಸ್ವರ. ಕಿಕ್ ಹೋದರೆ ಒಂದು ತೆಳು ಕೀರಲು ದನಿ ಮಾತ್ರ ಮಿಕ್ಕುತ್ತದೆ. ಹಿಂದಿನ ಸೀಟಿನಲ್ಲಿ ಹೆಂಡತಿ, ಮಗಳು ಮಲಗಿರುವಾಗ ಸೌಂಡ್ ಏರಿಸಲು ಆಗುತ್ತಾ? ಆಗಲ್ಲ. ಪ್ರೋಗ್ರೆಸಿವ್‌ನಲ್ಲಿ ಬೇಸ್ ಸ್ವಲ್ಪ ಮೇಲೆ ಓಡಾಡುತ್ತದೆ, ಅದರ ಮೇಲೆ ಸ್ವರಗುಚ್ಛಗಳು, ಅಂದರೆ ಕಾರ್ಡ್‌ಗಳು ನಿಧಾನ ಬಿಚ್ಚಿಕೊಳ್ಳುತ್ತವೆ. ಪಕ್ಕದವರ ಜೊತೆ ಮಾತಾಡುವಷ್ಟು ಸೌಂಡಿನಲ್ಲೂ ಅದು ಪೂರ್ತಿಯಾಗಿಯೇ ಕೇಳಿಸುತ್ತದೆ.

ಸೌಂಡಿನ ಲೆಕ್ಕವನ್ನೂ ಹೇಳಲೇಬೇಕು, ನನಗೆ ಇದು ದೊಡ್ಡ ವಿಷಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಹೇಳುವ ಪ್ರಕಾರ 85 ಡೆಸಿಬಲ್‌ಗೆ ದಿನಕ್ಕೆ ಎಂಟು ಗಂಟೆ ಮಿತಿ. ಮೂರು ಡೆಸಿಬಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಬರುವಷ್ಟರಲ್ಲಿ ಕಾಲು ಗಂಟೆ ಅಷ್ಟೇ. ಗಣೇಶನ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಕಟ್ಟಿದ ಡಿಜೆ ಪಕ್ಕ ನಡೆದು ಬಂದವರಿಗೆ ರಾತ್ರಿಯೆಲ್ಲ ಕಿವಿಯಲ್ಲಿ ಗುಂಯ್ ಅನ್ನೋದು ಯಾಕೆ ಅಂತ ಇದರಲ್ಲೇ ಗೊತ್ತಾಗುತ್ತದೆ. ವಯಸ್ಸಿನ ಜೊತೆ ಕಿವಿ ಮೊದಲು ಕಳೆದುಕೊಳ್ಳೋದು ಮೇಲಿನ, ಚೂಪಾದ ಸ್ವರಗಳನ್ನು. ಹೋದದ್ದು ವಾಪಸ್ ಬರಲ್ಲ. ಇನ್ನೂ ಮೂವತ್ತು ವರ್ಷ ಹೈ-ಹ್ಯಾಟ್ ತಾಳದ ಚೂಪು ಸದ್ದು ಚೆನ್ನಾಗಿ ಕೇಳಬೇಕು ಅಂತ ನನಗೆ ಆಸೆ ಇದೆ, ಅದಕ್ಕೆ ಬೇಸ್ ಬಾಕ್ಸ್ ಹೋಯಿತು.

ಉಳಿದ ಬಗೆಗಳ ಮಾತು. ಸಣ್ಣ ಸೌಂಡಿನಲ್ಲಿ ಬೇಸ್ ಕಳೆದುಹೋಗುವ ತೊಂದರೆ ಡಬ್‌ಸ್ಟೆಪ್‌ಗೆ ಇನ್ನೂ ಜಾಸ್ತಿ. ಡ್ರಮ್ ಆ್ಯಂಡ್ ಬೇಸ್ ನಿಮಿಷಕ್ಕೆ 170 ದಾಟುತ್ತದೆ, ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ, ಹಾಗಾಗಿ ಕಾರಿನಲ್ಲಿ ಬೇಡ. ಡೆಟ್ರಾಯಿಟ್ ಟೆಕ್ನೋ ನನಗೆ ತುಂಬಾ ಇಷ್ಟ, ಆದರೆ ಒಬ್ಬನೇ ಇರುವಾಗ. ಆ್ಯಂಬಿಯೆಂಟ್ ಮಲಗುವ ಮುಂಚೆ ಸರಿ, ಸ್ಟೇರಿಂಗ್ ಹಿಡಿದಾಗ ಅಲ್ಲ.

ಟ್ರಾನ್ಸ್ ವಿಷಯ ಹೀಗಲ್ಲ. ನಾನು ಎಲೆಕ್ಟ್ರಾನಿಕ್ ಸಂಗೀತಕ್ಕೆ ಬಂದದ್ದೇ ಟ್ರಾನ್ಸ್ ಹಿಡಿದು. ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಎಂಪಿತ್ರೀ ಸಿಡಿ ಕೈಯಿಂದ ಕೈಗೆ ಓಡಾಡುತ್ತಿತ್ತು. 2004ರ ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶಗಳ ತಂಡಗಳು ನಡೆದು ಬರುವಾಗ ಡಚ್ ಟ್ರಾನ್ಸ್ ಡಿಜೆ ಟಿಯೆಸ್ಟೊ ನುಡಿಸಿದ್ದರು. ಹಾಸ್ಟೆಲಿನವರಿಗೆ ಅದೊಂದು ಹೆಮ್ಮೆ, ನಮ್ಮ ಸಂಗೀತ ಟಿವಿಗೆ ಬಂತು ಅಂತ. ಇನ್ನೊಬ್ಬ ಡಚ್ ಟ್ರಾನ್ಸ್ ಡಿಜೆ ಆರ್ಮಿನ್ ವಾನ್ ಬ್ಯೂರನ್ 2001ರಲ್ಲಿ ಶುರು ಮಾಡಿದ ವಾರದ ರೇಡಿಯೋ ಕಾರ್ಯಕ್ರಮದ ಕಂತುಗಳನ್ನು ಸೈಬರ್ ಸೆಂಟರಿನಲ್ಲಿ ಕೂತು ಇಳಿಸಿಕೊಳ್ಳೋದು ಒಂದು ದೊಡ್ಡ ಕೆಲಸ.

ಹೊಸ ಸ್ಪೀಕರಿನಲ್ಲಿ ಆ ಕಾಲದ ಟ್ರಾನ್ಸ್ ಹಾಕಿದಾಗ ಬೇಲೂರು ಬರುವವರೆಗೂ ಮೈ ಜುಮ್ ಅಂತಲೇ ಇತ್ತು. ರಾಗ ಇದೆ, ಏರಿಳಿತ ಇದೆ, ಎಂಟು ನಿಮಿಷದ ಹಾಡಿಗೆ ಅವಸರ ಇಲ್ಲ. ಆದರೂ ಎರಡನೇ ಸ್ಥಾನ ಯಾಕೆ ಕೊಟ್ಟೆ ಅಂದರೆ, ಟ್ರಾನ್ಸ್ ಪ್ರತಿ ಹಾಡಿನಲ್ಲೂ ಒಂದು ಸಲ ನಮ್ಮನ್ನು ಶಿಖರಕ್ಕೆ ಹತ್ತಿಸುತ್ತದೆ. ಇಪ್ಪತ್ತರಲ್ಲಿ ಗಂಟೆಗೆ ಏಳೆಂಟು ಶಿಖರ ಬೇಕಿತ್ತು. ಈಗ ಗಂಟೆಗೆ ಒಂದು ಬಂದರೆ ಅದರ ಬೆಲೆ ಗೊತ್ತಾಗುತ್ತದೆ. ಗಮನಿಸಿ ನೋಡಿ, ಟಿಯೆಸ್ಟೊ ಅವರೇ ನಲವತ್ತರ ಹೊತ್ತಿಗೆ ಟ್ರಾನ್ಸ್ ಬಿಟ್ಟು ಹೌಸ್ ಕಡೆ ಹೋದರು. ಹಳೆ ಅಭಿಮಾನಿಗಳಿಗೆ ಅದು ನೋವಾಯಿತು, ನನಗೂ ಆಯಿತು. ನುಡಿಸುವವರಿಗೂ ವಯಸ್ಸಾಗುತ್ತದೆ ಅಲ್ವಾ.

ಈಗ ಪ್ರೋಗ್ರೆಸಿವ್. 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬೆಳೆದದ್ದು. ಸಾಶಾ ಮತ್ತು ಜಾನ್ ಡಿಗ್ವೀಡ್ ಅನ್ನೋ ಡಿಜೆ ಜೋಡಿ ಆ ದಶಕದ ನಡುವಿನಲ್ಲಿ ತಂದ ಮಿಕ್ಸ್ ಸಿಡಿಗಳಿಂದ ಶುರು ಮಾಡಿ, ಅದಕ್ಕಿಂತ ಒಳ್ಳೆ ಬಾಗಿಲು ಇಲ್ಲ. ಒಂದು ಹಾಡು ಯಾವಾಗ ಮುಗಿಯಿತು, ಮುಂದಿನದು ಯಾವಾಗ ಸೇರಿಕೊಂಡಿತು ಅಂತಲೇ ತಿಳಿಯುವುದಿಲ್ಲ. ಒಂದು ಎಚ್ಚರ: ಹುಡುಕುವಾಗ ಇದೇ ಹೆಸರಿನಲ್ಲಿ 2010ರ ನಂತರದ ಫೆಸ್ಟಿವಲ್ ಹಾಡುಗಳೂ ಬರುತ್ತವೆ. ನಾನು ಹೇಳುತ್ತಿರೋದು ಅದಲ್ಲ.

ಅಪ್ಪ ಬೆಳಿಗ್ಗೆ ಆಕಾಶವಾಣಿಯಲ್ಲಿ ಶಾಸ್ತ್ರೀಯ ಸಂಗೀತ ಹಾಕಿಕೊಂಡು ಕೂರುತ್ತಿದ್ದರು. ಆಲಾಪನೆ ಒಂದೇ ಸ್ವರದ ಸುತ್ತ ಎಷ್ಟೋ ಹೊತ್ತು ಸುತ್ತುತ್ತಿತ್ತು, ಹುಡುಗನಿಗೆ ಅದು ಹಿಡಿಸುತ್ತಿರಲಿಲ್ಲ. ಈಗ ಡಿಗ್ವೀಡ್ ಮಿಕ್ಸ್ ಕೇಳುವಾಗ ನನ್ನ ಕಿವಿ ಮಾಡುವ ಕೆಲಸ ಅದೇ. ಇದು ನನ್ನೊಬ್ಬನ ಕಲ್ಪನೆ ಅಲ್ಲ. ಚರಣ್‌ಜಿತ್ ಸಿಂಗ್ ಅಂತ ಮುಂಬೈನ ಸಿನಿಮಾ ವಾದ್ಯಗಾರರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303 (ಬೇಸ್ ಸಿಂಥಸೈಸರ್), ಟಿಆರ್-808 (ಡ್ರಮ್ ಮೆಷಿನ್) ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೊ ಬಡಿತಕ್ಕೆ ನುಡಿಸಿ ರೆಕಾರ್ಡ್ ತಂದರು. ಆಗ ಯಾರೂ ಹೆಚ್ಚು ಕೇಳಲಿಲ್ಲ. 2010ರಲ್ಲಿ ಮತ್ತೆ ಹೊರಬಂದಾಗ ಯೂರೋಪಿನವರು ಬೆರಗಾದರು, ಯಾಕಂದರೆ ಷಿಕಾಗೋದಲ್ಲಿ ಆ್ಯಸಿಡ್ ಹೌಸ್ ಅನ್ನೋ ಡ್ಯಾನ್ಸ್ ಸಂಗೀತ ಹುಟ್ಟುವ ಮೊದಲೇ ಆ ಸದ್ದು ಅದರಲ್ಲಿತ್ತು. ನಮ್ಮವರು ಇದನ್ನು ಇನ್ನೂ ಜಾಸ್ತಿ ಕೇಳಬೇಕು.

ಇಷ್ಟೆಲ್ಲ ಹೊಗಳಿದ ಮೇಲೆ, ಪ್ರೋಗ್ರೆಸಿವ್‌ನ ಒಂದು ಕಾಟವನ್ನು ಹೇಳದಿದ್ದರೆ ನೀವು ಕಾರಿನಲ್ಲಿ ಹಾಕಿ ಬೇಸರ ಮಾಡಿಕೊಳ್ಳುತ್ತೀರಿ. ಮಿಕ್ಸ್ ಆಲ್ಬಂ ಕೊಂಡರೆ ಅದು ಹತ್ತು ಹನ್ನೆರಡು ತುಂಡು ಫೈಲ್‌ಗಳಾಗಿ ಬರುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಕಾರ್ ಸ್ಟೀರಿಯೋಗೆ ಚುಚ್ಚಿದರೆ, ಒಂದು ಫೈಲ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಚಿಕ್ಕದೊಂದು ಖಾಲಿ. ಅರ್ಧ ಸೆಕೆಂಡ್ ಇರಬಹುದು. ಬೇರೆ ಹಾಡುಗಳಲ್ಲಿ ಇದು ಗೊತ್ತೇ ಆಗಲ್ಲ. ಆದರೆ ನಿಮಿಷಕ್ಕೆ 122 ಬಡಿತ ಅಂದರೆ ಒಂದೊಂದು ಬಡಿತದ ನಡುವೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಅಂದರೆ ಸರಿಯಾಗಿ ಒಂದು ಬಡಿತ ಮಾಯ. ಡಿಜೆ ಎಷ್ಟೋ ಹೊತ್ತಿನಿಂದ ಎರಡು ಹಾಡುಗಳನ್ನು ಸೇರಿಸುತ್ತಾ ತಂದಿದ್ದಾನೆ, ಸೇರುವ ಆ ಜಾಗದಲ್ಲೇ ಕತ್ತರಿ. ಎದೆಗೆ ಬಡಿದ ಹಾಗೆ ಆಗುತ್ತದೆ. ಮುಂದಿನ ಜೋಡಣೆ ಬರುವ ಮೊದಲೇ ಮನಸ್ಸು ಅದಕ್ಕೆ ಹೆದರಿ ಕಾಯುತ್ತದೆ, ಕೇಳುವ ಸುಖ ಪೂರ್ತಿ ಹೋಗುತ್ತದೆ.

ಇದಕ್ಕೆ ಎರಡು ಕಾರಣ ಕೂಡಿಕೊಂಡಿವೆ. ಎಂಪಿತ್ರೀ ಫೈಲ್ ಸದ್ದನ್ನು 1152 ಸ್ಯಾಂಪಲ್‌ಗಳ ತುಂಡುಗಳಾಗಿ ಮಾಡಿ ಇಡುತ್ತದೆ. ಹಾಡು ಸರಿಯಾಗಿ ತುಂಡಿನ ಕೊನೆಗೇ ಮುಗಿಯಲ್ಲ, ಹಾಗಾಗಿ ಉಳಿದ ಜಾಗಕ್ಕೆ ಮೌನ ತುಂಬುತ್ತದೆ. ಶುರುವಿನಲ್ಲೂ ಸ್ವಲ್ಪ ಮೌನ ಸೇರುತ್ತದೆ. ಒಳ್ಳೆ ಪ್ಲೇಯರ್ ಫೈಲಿನಲ್ಲಿ ಬರೆದಿಟ್ಟ ಲೆಕ್ಕ ನೋಡಿ ಅದನ್ನು ಕತ್ತರಿಸಿ ನುಡಿಸುತ್ತದೆ. ನನ್ನ ಕಾರ್ ಸ್ಟೀರಿಯೋ ಕತ್ತರಿಸಲ್ಲ. ಎರಡನೆಯದು, ಮುಂದಿನ ಫೈಲ್ ತೆರೆಯಲು ಅದೇ ಒಂದು ಗಳಿಗೆ ತೆಗೆದುಕೊಳ್ಳುತ್ತದೆ. ಹಾಗಾಗಿ ಮೌನ ಸೇರಿಸದ, ಸದ್ದನ್ನು ಏನೂ ಕಳೆಯದೆ ಇಡುವ ಫ್ಲ್ಯಾಕ್ ಅನ್ನೋ ಬಗೆಯ ಫೈಲ್ ಹಾಕಿದರೂ ಖಾಲಿ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಸ್ಟೀರಿಯೋ ಮೆನುವಿನಲ್ಲಿ ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಅಂಗಡಿಯವರಿಗೆ ಕೇಳಿದರೆ ಹೊಸ ಸ್ಟೀರಿಯೋ ತೋರಿಸಿದರು, ಇಪ್ಪತ್ತು ಸಾವಿರದ ಮೇಲೆ.

ಫೋನಿನಿಂದ ಬ್ಲೂಟೂತ್‌ನಲ್ಲಿ ಹಾಕಿದರೆ ಖಾಲಿ ಬರಲ್ಲ, ನಿಜ. ಆದರೆ ಫೋನ್ ಅಂದಮೇಲೆ ಕಾಲ್ ಬರುತ್ತದೆ, ಮೆಸೇಜ್ ಟಿಂಗ್ ಅನ್ನುತ್ತದೆ, ಮ್ಯಾಪಿನ ಹೆಂಗಸು ನಡುವೆ ಬಾಯಿ ಹಾಕುತ್ತಾಳೆ. ಆನ್‌ಲೈನ್ ಕೇಳೋಣ ಅಂದರೆ ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ, ಚಾರ್ಮಾಡಿಯ ತಿರುವುಗಳಲ್ಲಿ ನೆಟ್‌ವರ್ಕ್ ಇರೋ ಜಾಗಕ್ಕಿಂತ ಇಲ್ಲದ ಜಾಗ ಜಾಸ್ತಿ. ದುಡ್ಡು ಕೊಡದೆ ಕೇಳುವ ಆ್ಯಪ್‌ಗಳಲ್ಲಿ ಜಾಹೀರಾತು ಬೇರೆ.

ಕೊನೆಗೆ ಉಳಿದ ದಾರಿ ಸುಲಭದ್ದೇ. ತುಂಡುಗಳನ್ನೆಲ್ಲ ಆಡಾಸಿಟಿಯಲ್ಲಿ ಸಾಲಾಗಿ ಸೇರಿಸಿ ಒಂದೇ ಫೈಲ್ ಮಾಡೋದು. ಅದು ಉಚಿತ ಸಾಫ್ಟ್‌ವೇರ್. ಫ್ಲ್ಯಾಕ್ ಕೊಂಡರೆ ಜೋಡಣೆಯಲ್ಲಿ ಮೌನದ ತೊಂದರೆಯೇ ಇಲ್ಲ, ಸೇರಿಸಿದ ಮೇಲೆ 320 ಕೆಬಿಪಿಎಸ್ ಎಂಪಿತ್ರೀಗೆ ಇಳಿಸಿ. ಎರಡು ಗಂಟೆಯ ಮಿಕ್ಸ್ ಸುಮಾರು 290 ಎಂಬಿ ಆಗುತ್ತದೆ, 32 ಜಿಬಿ ಪೆನ್‌ಡ್ರೈವ್‌ಗೆ ನೂರು ಮಿಕ್ಸ್ ಹಿಡಿಯುತ್ತದೆ. ಹಾಡಿನ ಹೆಸರು ಪರದೆಯಲ್ಲಿ ಬರಲ್ಲ, ನನಗೆ ಅದು ಬೇಕಾಗಿಯೂ ಇಲ್ಲ. ಇಂಜಿನ್ ಆಫ್ ಮಾಡಿದರೆ ನಿಂತ ಜಾಗದಿಂದಲೇ ಮತ್ತೆ ಶುರುವಾಗುತ್ತಾ ಅಂತ ಮಾತ್ರ ನಿಮ್ಮ ಸ್ಟೀರಿಯೋದಲ್ಲಿ ನೋಡಿಕೊಳ್ಳಿ. ನನ್ನದರಲ್ಲಿ ಆಗುತ್ತದೆ. ಬೇಲೂರಿನಲ್ಲಿ ಕಾಫಿಗೆ ನಿಲ್ಲಿಸಿ ವಾಪಸ್ ಬಂದು ಕೀ ತಿರುಗಿಸಿದರೆ ಅದೇ ಬಡಿತದಿಂದ ಮುಂದುವರಿಯುತ್ತದೆ.

ಬಿಗ್ ರೂಮ್‌ಗೆ ಈ ಗೋಳು ಇಲ್ಲ, ಹಾಡು ಹಾಡೇ. ಟ್ರಾನ್ಸ್‌ನಲ್ಲೂ ಬಿಡಿ ಹಾಡು ಕೇಳುವವರಿಗೆ ಇಲ್ಲ.

ಅಕ್ಕನ ಮಗನಿಗೆ ಈಗ ಹತ್ತೊಂಬತ್ತು. ಒಂದು ಸಲ ಜೊತೆಗೆ ಬಂದವನು ಹಗರೆ ದಾಟುವಷ್ಟರಲ್ಲಿ ಕೇಳಿದ, "ಮಾವ, ಇದ್ರಲ್ಲಿ ಡ್ರಾಪ್ ಯಾವಾಗ ಬರುತ್ತೆ?" "ಬರುತ್ತೆ ಕಾಯೋ" ಅಂದೆ. ಅವನು ಕಾಯಲಿಲ್ಲ, ಇಯರ್‌ಫೋನ್ ಹಾಕಿಕೊಂಡ. ಅದರಲ್ಲಿ ತಪ್ಪೇನೂ ಇಲ್ಲ. ಅವನಿಗೆ ಗೆಳೆಯರಿದ್ದಾರೆ, ಕಾಲೇಜ್ ಫೆಸ್ಟ್ ಇದೆ, ಹೋಮ್‌ಸ್ಟೇನಲ್ಲಿ ಹತ್ತು ಜನ ಸೇರಿ ಕುಣಿಯುವ ರಾತ್ರಿಗಳಿವೆ. ಅಲ್ಲಿ ಬಿಗ್ ರೂಮ್, ಡಬ್‌ಸ್ಟೆಪ್ ಮಾಡುವ ಕೆಲಸವನ್ನು ನನ್ನ ಮಿಕ್ಸ್ ಮಾಡಲಾರದು. ಅವನಿಗೆ ನಾನು ಹೇಳಿದ್ದು ಎರಡೇ. ಸ್ಪೀಕರಿನ ಪಕ್ಕದಲ್ಲೇ ನಿಲ್ಲಬೇಡ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ ಅಂತ 2000ದ ನಿಯಮ ಇದೆ, ಎಸ್ಟೇಟ್ ಲೈನಿನ ಜನ ಬೆಳಿಗ್ಗೆ ಬೇಗ ಏಳಬೇಕು, ಅವರ ನಿದ್ದೆ ಕೆಡಿಸಬೇಡ.

ಹಾಗಾದರೆ ನೀವು ಏನು ಆರಿಸಬೇಕು? ಜನರ ಜೊತೆ, ಬಯಲಿನಲ್ಲಿ ಕೇಳುವವರಾದರೆ ಬಿಗ್ ರೂಮ್. ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಸಿಗುತ್ತದೆ, ಅಷ್ಟರಲ್ಲೇ ಮನಸ್ಸು ಮೇಲೇಳಬೇಕು ಅಂದರೆ ಟ್ರಾನ್ಸ್. ಒಂದು ಗಂಟೆಗಿಂತ ಜಾಸ್ತಿ ಒಂದೇ ಕಡೆ ಕೂರುವ ಕೆಲಸ, ಅದು ಡ್ರೈವಿಂಗ್ ಆಗಲಿ, ಲೆಕ್ಕ ಬರೆಯೋದಾಗಲಿ, ಇದ್ದರೆ ಪ್ರೋಗ್ರೆಸಿವ್. ವಯಸ್ಸು ಎಷ್ಟೇ ಇರಲಿ, ಇಪ್ಪತ್ತೆರಡರಲ್ಲೂ ಹಿಡಿಸಬಹುದು. ಡಿಗ್ವೀಡ್ ಹುಟ್ಟಿದ್ದು 1967ರಲ್ಲಿ, ಇನ್ನೊಬ್ಬ ಡಿಜೆ ಕಾರ್ಲ್ ಕಾಕ್ಸ್ 1962ರಲ್ಲಿ. ಇಬ್ಬರೂ ನುಡಿಸೋದು ಕೈಬಿಟ್ಟಿಲ್ಲ.

ದುಡ್ಡಿನ ಮಾತು. ಹೊಸ ಸ್ಪೀಕರ್ ಈಗಲೇ ಬೇಡ ಅನ್ನುವವರು ಮೊದಲು ಈಕ್ವಲೈಜರ್‌ನಲ್ಲಿ ಬೇಸ್ ಎರಡು ಹಂತ ಇಳಿಸಿ ಒಂದು ವಾರ ಕೇಳಿ, ಕಿವಿ ಹೊಂದಿಕೊಳ್ಳಲು ಅಷ್ಟು ಸಮಯ ಕೊಡಿ. ನನ್ನ ಮುಂದಿನ ಖರ್ಚು ಬಾಗಿಲಿನ ಒಳಗೆ ಅಂಟಿಸುವ ಡ್ಯಾಂಪಿಂಗ್ ಶೀಟ್. ಮಳೆಗಾಲ ಶುರುವಾದರೆ ಟೈರಿನ ಸದ್ದು, ಮಳೆ ಸದ್ದು ಸೇರಿ ಮಿಕ್ಸ್‌ನ ಮೊದಲ ಹತ್ತು ನಿಮಿಷ ಕೇಳಿಸುವುದೇ ಇಲ್ಲ, ಜೂನ್ ಬರುವ ಮೊದಲು ಹಾಕಿಸಬೇಕು.